ರೆಕ್ಕೆಯಿದ್ದರೂ ವೀಸಾ ಬೇಕು!

ಹಕ್ಕಿಗೇನು, ಪಾಸ್‌ಪೋರ್ಟೂ ಬೇಡ, ವೀಸಾನೂ ಬೇಡ, ಮನಸ್ಸು ಬಂದಲ್ಲಿಗೆ ಹಾರಿಹೋಗಿ ಗೂಡು ಕಟ್ಟಬಹುದು ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಕಾಡುಹಕ್ಕಿಯೊಂದು ಒಂದು ಕಡೆ ನೆಲೆಸಬೇಕಾದರೆ ಮೂವರ ಒಪ್ಪಿಗೆ ಬೇಕು: ಹವಾಮಾನ, ಕಾಡು ಮತ್ತು ಅಕ್ಕಪಕ್ಕದ ಹಕ್ಕಿಗಳು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಮೂರು ಷರತ್ತೂ ಒಟ್ಟಿಗೆ ನಿಜವಾಗಬೇಕು. ಒಂದು ಸುಳ್ಳಾದರೂ ಹಕ್ಕಿ ಮಾಯ!

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಮೀಡಿಯಾಸಿಟಿಗೆ ಹತ್ತಿರದ ವಿಗನ್‌ನಲ್ಲೇ ಇದೆ. ಅಲ್ಲಿ ಕಲ್ಲಿದ್ದಲು ತೆಗೆದ ಮೇಲೆ ನೆಲ ಕುಸಿದು, ನೀರು ತುಂಬಿ ಕೆರೆಗಳಾದವು. ಇವನ್ನು ಇಲ್ಲಿಯವರು ‘ಫ್ಲಾಶ್’ ಎನ್ನುತ್ತಾರೆ. ಸುತ್ತಲಿನ ತೇವದ ನೆಲದಲ್ಲಿ ವಿಲ್ಲೋ, ಬರ್ಚ್ ಗಿಡಗಳು ತಾವಾಗಿಯೇ ಎದ್ದವು. 2022ರಲ್ಲಿ ಈ ಪ್ರದೇಶ ರಾಷ್ಟ್ರೀಯ ನಿಸರ್ಗಧಾಮವಾಯಿತು. ಅದಕ್ಕೆ ಒಂದು ಮುಖ್ಯ ಕಾರಣ ವಿಲ್ಲೋ ಟಿಟ್ ಎಂಬ ಪುಟ್ಟ ಹಕ್ಕಿ. ಕಪ್ಪು ಟೋಪಿ, ಬಿಳಿ ಕೆನ್ನೆ, ತೂಕ ಹತ್ತು-ಹನ್ನೊಂದು ಗ್ರಾಂ. 1970ರಿಂದೀಚೆಗೆ ಬ್ರಿಟನ್ನಿನಲ್ಲಿ ಇದರ ಸಂಖ್ಯೆ ಶೇ. 90ಕ್ಕಿಂತಲೂ ಹೆಚ್ಚು ಕುಸಿದಿದೆ.

ಚಳಿಯೇ ಕಾರಣವೇ? ಅಲ್ಲ. ಸೈಬೀರಿಯಾದ ಚಳಿಯಲ್ಲೂ ಬದುಕುವ ಹಕ್ಕಿ ಇದು. ತೊಂದರೆ ಇರುವುದು ಉಳಿದೆರಡರಲ್ಲಿ. ನಮ್ಮೂರ ಕುಟ್ರು ಹಕ್ಕಿಯಂತೆ ಇದೂ ಮರದಲ್ಲಿ ತಾನೇ ಪೊಟರೆ ಕೊರೆಯುತ್ತದೆ. ಆದರೆ ಕೊಕ್ಕು ಚಿಕ್ಕದು, ಹಾಗಾಗಿ ಕೊಳೆತು ಮೆತ್ತಗಾದ ಮೋಟುಮರವೇ ಬೇಕು. ಕಾಡು ಒಣಗಿದರೆ, ಮರಗಳು ತೀರಾ ಬಲಿತರೆ ಅಥವಾ ನಾವು ‘ಸ್ವಚ್ಛ’ ಮಾಡಿದರೆ ಅದಕ್ಕೆ ಜಾಗವಿಲ್ಲ.

ಇನ್ನು ನೆರೆಹೊರೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾದ ಹಾಗೆ, ವಿಲ್ಲೋ ಟಿಟ್ ದಿನಗಟ್ಟಲೆ ಕೊರೆದ ಪೊಟರೆಗೆ ಬ್ಲೂ ಟಿಟ್ ನುಗ್ಗಿ ಒಡತಿಯನ್ನೇ ಓಡಿಸುತ್ತದೆ. ಉಳಿದ ಗೂಡುಗಳನ್ನು ಮರಕುಟಿಗ ಒಡೆದು ಮರಿಗಳನ್ನು ತಿನ್ನುತ್ತದೆ. ಇದರಲ್ಲಿ ನಮ್ಮ ಪಾಲೂ ಇದೆ. ಹಿತ್ತಲಿನಲ್ಲಿ ನಾವು ನೇತುಹಾಕುವ ಕಡಲೇಕಾಯಿಯ ಲಾಭ ಹೆಚ್ಚಾಗಿ ಸಿಗುವುದು ಬ್ಲೂ ಟಿಟ್, ಗ್ರೇಟ್ ಟಿಟ್ ಮತ್ತು ಮರಕುಟಿಗಗಳಿಗೇ. ಹೀಗೆ ಬಲಗೊಂಡವು ದುರ್ಬಲ ಹಕ್ಕಿಗಳಿಗೆ ಕಂಟಕವಾಗಬಹುದೆಂದು ಮ್ಯಾಂಚೆಸ್ಟರ್ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಎಚ್ಚರಿಸಿದ್ದಾರೆ.

ಹವಾಮಾನಕ್ಕೆ ಲೆಕ್ಕವೇ ಇಲ್ಲವೆಂದಲ್ಲ. ಒಂದು ಕಾಲಕ್ಕೆ ದಕ್ಷಿಣ ಇಂಗ್ಲೆಂಡಿನ ಹಕ್ಕಿಯಾಗಿದ್ದ ನಟ್‌ಹ್ಯಾಚ್ ಉತ್ತರಕ್ಕೆ ಹಬ್ಬುತ್ತಾ 1989ರಲ್ಲಿ ಸ್ಕಾಟ್ಲೆಂಡಿನಲ್ಲೂ ಮರಿ ಮಾಡಿತು. ಚಳಿಗಾಲ ಸೌಮ್ಯವಾದದ್ದು ಇಂಥ ಹಕ್ಕಿಗಳಿಗೆ ಅನುಕೂಲ.

ಈ ಅನುಕೂಲ ನಮ್ಮ ಚಿಕ್ಕಮಗಳೂರಿನ ಹಕ್ಕಿಗಿಲ್ಲ. ಬಾಬಾಬುಡನ್‌ಗಿರಿಯಿಂದ ನೀಲಗಿರಿವರೆಗಿನ ಎತ್ತರದ ಶೋಲಾ ಕಾಡುಗಳಲ್ಲಿ ಒಂದು ನೀಲಿ ರಾಬಿನ್ ಇದೆ. 2017ರಲ್ಲಿ ವಿಜ್ಞಾನಿಗಳು ಅದಕ್ಕೆ ಶೋಲಾದ ಹೆಸರನ್ನೇ ಸೇರಿಸಿ ‘ಶೋಲಿಕೋಲಾ’ ಎಂಬ ಹೊಸ ಕುಲನಾಮ ಕೊಟ್ಟರು. ಅದಕ್ಕೆ ಬೇಕಾದದ್ದು ತಂಪು, ದಟ್ಟ ನೆರಳು. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗಲು ನಡುವೆ ಬಿಸಿಲಿನ ಕಣಿವೆ ಅಡ್ಡ. ಹಾಗಾಗಿ ಪ್ರತಿ ಬೆಟ್ಟವೂ ಒಂದೊಂದು ದ್ವೀಪ. ಬಿಸಿ ಹೆಚ್ಚಿದರೆ ಮೇಲೇರಬೇಕು. ಆದರೆ ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಅದರ ಮೇಲೆ ಬರೀ ಆಕಾಶ!

ಹಾಗಾದರೆ ನಾವೇನು ಮಾಡಬಹುದು? ಮ್ಯಾಂಚೆಸ್ಟರಿನ ನಡುವಿನ ಮನೆಯಲ್ಲಿ ಹಕ್ಕಿಗೆ ಕಾಳು ಹಾಕಲು ಅಡ್ಡಿಯಿಲ್ಲ. ಮನೆ ವಿಲ್ಲೋ ಟಿಟ್ ಇರುವ ಕಾಡಿನ ಮಗ್ಗುಲಲ್ಲಿದ್ದರೆ ಮಾತ್ರ ಕಾಳೂ ಬೇಡ, ಗೂಡುಪೆಟ್ಟಿಗೆಯೂ ಬೇಡ. ತೋಟದ ಮೂಲೆಯಲ್ಲಿ ಕೊಳೆತ ಮೋಟುಮರವಿದ್ದರೆ ಹಾಗೇ ಬಿಡಿ. ಚಳಿಗಾಲ ಮುಗಿಯುವ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ವಿಗನ್‌ಗೆ ಒಂದು ಸುತ್ತು ಹೋಗಿಬನ್ನಿ. ಮೂಗಿನಲ್ಲಿ ಎಳೆದಂತೆ ‘ಚೇ, ಚೇ’ ಎಂಬ ಕೂಗು ಕೇಳಿಸಿದರೆ ಅಲ್ಲೇ ನಿಲ್ಲಿ. ಮೂರು ವೀಸಾನೂ ಇನ್ನೂ ಚಾಲ್ತಿಯಲ್ಲಿವೆ ಎಂದು ಅರ್ಥ.