ಸೀದಿ ಬೂಝೀದ್: ಬೆಳೆಯುವ ನಾಡು, ಬಾಗಿಲು ಕಾಯುವ ಜನ

ನಮ್ಮಲ್ಲಿ ಕೆಲವರ ದಿನಚರಿ ತರಕಾರಿಯ ಗೋಣಿ ಬಿಚ್ಚುವುದರಿಂದ ಮೊದಲಾಗುತ್ತದೆ. ಇನ್ನು ಕೆಲವರದು ಕಚೇರಿಯ ಕಡತ ಬಿಚ್ಚುವುದರಿಂದ. ತರಕಾರಿಯೂ ಕಚೇರಿಯೂ ಸೇರಿ ಒಂದು ನಾಡಿನ ಹಣೆಬರಹವನ್ನು ಬರೆದ ಬಗೆಯನ್ನು ಅರಿಯಬೇಕಾದರೆ, ಉತ್ತರ ಆಫ್ರಿಕದ ಟ್ಯುನೀಸಿಯಾ ದೇಶದ ಸೀದಿ ಬೂಝೀದ್ ಪ್ರಾಂತದತ್ತ ದೃಷ್ಟಿ ಹರಿಸಬೇಕು.

ಟ್ಯುನೀಸಿಯಾದ ನಡುನಾಡಿನಲ್ಲಿರುವ ಈ ಪ್ರಾಂತಕ್ಕೆ ಕಡಲತೀರವಿಲ್ಲ. ಉತ್ತರಕ್ಕೆ ಕೈರುವಾನ್, ಪಶ್ಚಿಮಕ್ಕೆ ಕಸ್ಸರೀನ್, ಪೂರ್ವಕ್ಕೆ ಸ್ಫಾಕ್ಸ್ ಪ್ರಾಂತಗಳಿವೆ. ವಿಸ್ತೀರ್ಣ ಸುಮಾರು 7,400 ಚದರ ಕಿಲೋಮೀಟರ್; 2014ರ ಜನಗಣತಿಯಂತೆ ಜನಸಂಖ್ಯೆ ಸುಮಾರು 4.3 ಲಕ್ಷ. ವರ್ಷಕ್ಕೆ ಬೀಳುವ ಮಳೆ ಬಹುಮಟ್ಟಿಗೆ 200ರಿಂದ 300 ಮಿಲಿಮೀಟರ್ ಮಾತ್ರ, ಅದೂ ನಂಬುವಂತಿಲ್ಲ. ಪಶ್ಚಿಮದ ಬೆಟ್ಟಗಳಿಂದ ಇಳಿದುಬರುವ ಫಕ್ಕಾ ಹೊಳೆ ವರ್ಷದ ಹೆಚ್ಚು ಕಾಲ ಒಣಗಿದ್ದು, ಮಳೆ ಸುರಿದಾಗ ಒಮ್ಮೆಲೇ ತುಂಬಿ ಬರುತ್ತದೆ. ಆ ನೆರೆಯನ್ನು ಮಣ್ಣಿನ ಒಡ್ಡುಗಳಿಂದ ಹೊಲಕ್ಕೆ ತಿರುಗಿಸಿಕೊಳ್ಳುವ ವಿದ್ಯೆ ಅಲ್ಲಿನ ರೈತರಿಗೆ ಹಳೆಯದು. ನೆಲದೊಳಗೆ ಇಂಗಿದ ನೀರೇ ಬಾವಿಗಳಿಗೆ ಆಧಾರ.

ಹಿಂದೆ ಇಲ್ಲಿಯವರು ಕುರಿ ಮೇಯಿಸಿ, ಮಳೆಯನ್ನು ನೆಚ್ಚಿ ಧಾನ್ಯ ಬೆಳೆದು ಬಾಳಿದವರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಾವಿಗಳೂ ಪಂಪುಗಳೂ ಬಂದವು. ಆಲಿವ್, ಬಾದಾಮಿ ತೋಟಗಳೊಡನೆ ಟೊಮೆಟೊ, ಮೆಣಸಿನಕಾಯಿ, ಕಲ್ಲಂಗಡಿಗಳೂ ಬೆಳೆದು, ಈ ಒಣನಾಡು ದೇಶಕ್ಕೇ ತರಕಾರಿ ಒದಗಿಸತೊಡಗಿತು. ಆದರೆ ಫಸಲು ಲಾರಿಯೇರಿ ಕರಾವಳಿಯ ನಗರಗಳಿಗೆ ಹೋಯಿತು; ವ್ಯಾಪಾರದ ಲಾಭದ ದೊಡ್ಡ ಪಾಲೂ ಅದರ ಹಿಂದೆಯೇ ಹೋಯಿತು. ಹೊರಗಿನ ಹಣವಂತರು ಆಳವಾದ ಬಾವಿ ಕೊರೆಸಿದರು. ಅಂತರ್ಜಲ ಕೆಳಗಿಳಿಯಿತು, ಚಿಕ್ಕ ರೈತನ ಸಾಲ ಮೇಲೇರಿತು.

ಇನ್ನು ಆಡಳಿತ. ಸೀದಿ ಬೂಝೀದ್ ಪ್ರತ್ಯೇಕ ಪ್ರಾಂತವಾದುದು 1973ರಲ್ಲಿ. ದೇಶದ 24 ಪ್ರಾಂತಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಗವರ್ನರು. ಅವನನ್ನು ನೇಮಿಸುವವನು ರಾಷ್ಟ್ರಾಧ್ಯಕ್ಷ. ಪ್ರಾಂತದ ಕೆಳಗೆ ನಮ್ಮ ತಾಲೂಕುಗಳನ್ನು ಹೋಲುವ ವಿಭಾಗಗಳು. ಅವುಗಳ ಕೆಳಗೆ ಗ್ರಾಮಮಟ್ಟದ 'ಇಮಾದಾ'ಗಳು. ಆಜ್ಞೆ ಮೇಲಿನಿಂದ ಕೆಳಕ್ಕೆ ಸರಾಗವಾಗಿ ಇಳಿಯುತ್ತಿತ್ತು. ಅಹವಾಲು ಕೆಳಗಿನಿಂದ ಮೇಲಕ್ಕೆ ಅಷ್ಟು ಸುಲಭವಾಗಿ ಏರುತ್ತಿರಲಿಲ್ಲ.

2010ರ ಡಿಸೆಂಬರ್ 17ರಂದು ಇದರ ಬೆಲೆ ಗೊತ್ತಾಯಿತು. ಕೈಗಾಡಿಯಲ್ಲಿ ಹಣ್ಣು ತರಕಾರಿ ಮಾರುತ್ತಿದ್ದ 26 ವರ್ಷದ ಮೊಹಮ್ಮದ್ ಬುಅಝೀಝಿಯ ತಕ್ಕಡಿಯನ್ನು ನಗರಸಭೆಯವರು ಕಿತ್ತುಕೊಂಡರು. ದೂರು ಹೇಳಲು ಗವರ್ನರರ ಕಚೇರಿಗೆ ಹೋದವನಿಗೆ ಭೇಟಿ ದೊರೆಯಲಿಲ್ಲ. ಆ ಕಚೇರಿಯ ಮುಂದೆಯೇ ಅವನು ಮೈಗೆ ಬೆಂಕಿ ಹಚ್ಚಿಕೊಂಡನು. 2011ರ ಜನವರಿ 4ರಂದು ತೀರಿಕೊಂಡನು. ಹತ್ತೇ ದಿನಗಳಲ್ಲಿ, 23 ವರ್ಷ ಆಳಿದ್ದ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದನು.

2018ರ ಮೇ ತಿಂಗಳಲ್ಲಿ ಜನರು ಮುಕ್ತ ಚುನಾವಣೆಯಲ್ಲಿ ತಮ್ಮ ಪುರಸಭೆಗಳನ್ನು ಆರಿಸಿಕೊಂಡರು. 2023ರ ಮಾರ್ಚಿಯಲ್ಲಿ ಅಧ್ಯಕ್ಷ ಕೈಸ್ ಸಯೀದ್ ಅವನ್ನು ವಿಸರ್ಜಿಸಿದರು. ಡಿಸೆಂಬರ್ 17 ಈಗ ಅಲ್ಲಿ ಕ್ರಾಂತಿದಿನ.

ಹಬ್ಬದ ದಿನ ದೊರೆತ ಮಾತ್ರಕ್ಕೆ ನಾಡಿನ ಬವಣೆ ನೀಗದು. ತಕ್ಕಡಿಯನ್ನೇ ನೆಚ್ಚಿದವನು ಕಚೇರಿಗೆ ಬಂದಾಗ ಅವನ ಮಾತನ್ನು ಕೇಳುವವರೊಬ್ಬರು ಒಳಗಿರಬೇಕು. ಗೋಣಿ ಬಿಚ್ಚುವ ನಾವೂ, ಕಡತ ಬಿಚ್ಚುವ ನಾವೂ ಇದನ್ನು ಮರೆಯದಿರೋಣ.