ಎರಡು ಗ್ರಾಂ ಭಾರದ ಮರ್ಮ

ಧ್ವನಿಮುದ್ರಿಕೆಯ ತಟ್ಟೆಯೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಅದರ ಮೈಮೇಲೆ ಒತ್ತೊತ್ತಾಗಿ ಸುತ್ತಿದ ಗೀರುಗಳು ಹೊಳೆಯುತ್ತವೆ. ಮೇಲುನೋಟಕ್ಕೆ ನೂರಾರು ಗೀರುಗಳಿರುವಂತೆ ತೋರಿದರೂ ಒಂದು ಪಕ್ಕದಲ್ಲಿರುವುದು ಸಾಮಾನ್ಯವಾಗಿ ಒಂದೇ ಗೀರು. ಹೊರ ಅಂಚಿನಲ್ಲಿ ಮೊದಲಾಗಿ, ಸುರುಳಿ ಸುತ್ತುತ್ತ, ಅದು ನಡುವಿನ ಕಡೆಗೆ ಸಾಗುತ್ತದೆ. ಅದರ ಉದ್ದವೆಷ್ಟು? ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಒಂದು ಪಕ್ಕ 20 ನಿಮಿಷ ನುಡಿಯುವುದಾದರೆ ಒಟ್ಟು ಸುಮಾರು 667 ಸುತ್ತುಗಳಾದವು. ಒಂದು ಸುತ್ತಿನ ಸರಾಸರಿ ಉದ್ದ 63 ಸೆಂಟಿಮೀಟರ್ ಎಂದು ಹಿಡಿದರೆ ಗೀರಿನ ಉದ್ದ ಸುಮಾರು 420 ಮೀಟರ್ ಆಗುವುದು.

ಈ ದಾರಿಯ ಎರಡು ಗೋಡೆಗಳ ಅಂಕುಡೊಂಕುಗಳಲ್ಲಿಯೇ ಸಂಗೀತವೆಲ್ಲ ಅಡಗಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರದ ಮುಳ್ಳೊಂದು ಆ ದಾರಿಯಲ್ಲಿ ನಡೆದು, ಅಂಕುಡೊಂಕುಗಳಿಗೆ ತಕ್ಕಂತೆ ಕಂಪಿಸುವುದರಿಂದಲೇ ನಮಗೆ ಹಾಡು ಕೇಳಿಸುವುದು. ಇಲ್ಲಿ ಒಂದು ಎಚ್ಚರಿಕೆಯ ಮಾತುಂಟು. ಗೋಡೆಯ ಸೂಕ್ಷ್ಮವಾದ ಅಂಕುಡೊಂಕು ಒಮ್ಮೆ ಸವೆದುಹೋದರೆ ಅದನ್ನು ಮತ್ತೆ ಮೂಡಿಸುವ ಉಪಾಯವಿಲ್ಲ. ಮುಳ್ಳು ಆ ದಾರಿಯಲ್ಲಿ ನಡೆದುಹೋಗುವುದೋ ಅಥವಾ ನೇಗಿಲಿನಂತೆ ಉಳುತ್ತ ಹೋಗುವುದೋ ಎಂಬುದನ್ನು ನಿರ್ಣಯಿಸುವುದು ಅದನ್ನು ಹೊತ್ತ ತೋಳು. ಆ ತೋಳನ್ನು ಮನೆಯಲ್ಲಿಯೇ ಸರಿಯಾಗಿ ಹೊಂದಿಸುವುದು ಹೇಗೆ, ಅದರ ಹಿಂದಿರುವ ವಿಜ್ಞಾನವೇನು ಎಂಬುದನ್ನು ಈಗ ನೋಡೋಣ.

ಮೊನೆಯ ಕೆಳಗಿನ ಒತ್ತಡ

ಕೀಲಿ ಕೊಟ್ಟು ತಿರುಗಿಸುತ್ತಿದ್ದ ಹಳೆಯ ಗ್ರಾಮಫೋನಿನಲ್ಲಿ ಉಕ್ಕಿನ ಮುಳ್ಳಿನ ಮೇಲೆ ನೂರು ಗ್ರಾಂಗೂ ಮಿಗಿಲಾದ ಭಾರ ಬೀಳುತ್ತಿತ್ತು. ಈಗಿನ ಸಾಮಾನ್ಯ ಕಾರ್ಟ್ರಿಜ್‌ಗಳಿಗೆ ಒಂದೂವರೆಯಿಂದ ಎರಡೂವರೆ ಗ್ರಾಂ ಭಾರ ಸಾಕು. ಎರಡು ಗ್ರಾಂ ಎಂದರೆ ಏನು ಮಹಾ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಭಾರ ಬೇರೆ, ಒತ್ತಡ ಬೇರೆ. ಭಾರವು ಎಷ್ಟು ಜಾಗದ ಮೇಲೆ ಬೀಳುತ್ತದೆ ಎಂಬುದನ್ನು ಒತ್ತಡ ಅವಲಂಬಿಸಿರುತ್ತದೆ.

ಗೀರಿನ ಅಡ್ಡಕೊಯ್ತವು ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿದ್ದು ಅದರ ಎರಡು ಗೋಡೆಗಳೂ 45 ಡಿಗ್ರಿ ಓರೆಯಾಗಿವೆ. ಮುಳ್ಳು ಗೀರಿನ ತಳವನ್ನು ಮುಟ್ಟುವುದಿಲ್ಲ. ಎರಡು ಗೋಡೆಗಳ ಮೇಲೆ ಒಂದೊಂದು ಕಡೆ ಮಾತ್ರ ಆತು ನಿಲ್ಲುತ್ತದೆ. ಎರಡು ಗ್ರಾಂ ಭಾರ ಹೀಗೆ ಹಂಚಿಹೋದಾಗ ಒಂದೊಂದು ಗೋಡೆಯ ಮೇಲೂ ಲಂಬವಾಗಿ ಬೀಳುವ ಬಲ ಸುಮಾರು 1.4 ಗ್ರಾಂ. ಮುಳ್ಳು ಗೋಡೆಯನ್ನು ಮುಟ್ಟುವ ಚುಕ್ಕೆಯ ವ್ಯಾಸ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲು ಎಂದಿಟ್ಟುಕೊಳ್ಳೋಣ. ಹಾಗಾದರೆ ಚದರ ಸೆಂಟಿಮೀಟರಿಗೆ ಸುಮಾರು 1,800 ಕಿಲೋಗ್ರಾಂ ಒತ್ತಡವೆಂದು ಲೆಕ್ಕ ಸಿಗುತ್ತದೆ. ನಾಲ್ಕು ದೊಡ್ಡ ಎತ್ತುಗಳು ಒಂದು ಬೆರಳುಗುರಿನಷ್ಟು ಜಾಗದ ಮೇಲೆ ನಿಂತ ಹಾಗೆ! ಎರಡಕ್ಕೆ ಬದಲು ನಾಲ್ಕು ಗ್ರಾಂ ಇಟ್ಟರೆ ತಟ್ಟೆಯ ಗತಿ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಹಗುರವಾದಷ್ಟೂ ಒಳ್ಳೆಯದೆ?

ಹಾಗಿದ್ದರೆ ಭಾರವನ್ನು ಅರ್ಧ ಗ್ರಾಂಗೆ ಇಳಿಸಿಬಿಟ್ಟರೆ ತಟ್ಟೆ ಇನ್ನೂ ಹೆಚ್ಚು ಕಾಲ ಬಾಳುವುದಲ್ಲವೆ? ಇಲ್ಲ. ಬಹುಮಂದಿ ತಪ್ಪು ತಿಳಿಯುವುದು ಇಲ್ಲಿಯೇ.

ಸೆಕೆಂಡಿಗೆ 10,000 ಸಲ ಕಂಪಿಸುವ ಸ್ವರವೊಂದು ಗಟ್ಟಿಯಾಗಿ ಮುದ್ರಿತವಾಗಿದೆಯೆನ್ನಿ. ಅದನ್ನು ಅನುಸರಿಸುವಾಗ ಮೊನೆಯ ಗರಿಷ್ಠ ವೇಗ ಸೆಕೆಂಡಿಗೆ 10 ಸೆಂಟಿಮೀಟರ್ ಇದ್ದರೆ, ಅದರ ಓಲಾಟದ ಹರವು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಒಂದೆರಡು ಪಾಲು ಮಾತ್ರ. ಆದರೆ ಅಷ್ಟರಲ್ಲಿಯೇ ಅದು ಸೆಕೆಂಡಿಗೆ ಹತ್ತು ಸಾವಿರ ಬಾರಿ ಅತ್ತಿಂದಿತ್ತ ಮರಳಬೇಕಾದುದರಿಂದ ಅದರ ವೇಗೋತ್ಕರ್ಷವು ಗುರುತ್ವಾಕರ್ಷಣೆಯ ವೇಗೋತ್ಕರ್ಷಕ್ಕಿಂತ ಸುಮಾರು 640 ಪಟ್ಟು ಹೆಚ್ಚಾಗುತ್ತದೆ. ಚಲಿಸುವ ಮೊನೆಯ ದ್ರವ್ಯರಾಶಿ ಕೇವಲ ಅರ್ಧ ಮಿಲಿಗ್ರಾಂ ಎಂದು ತಿಳಿದರೂ, ಅದನ್ನು ಹೀಗೆ ಹೊರಳಿಸಲು 320 ಮಿಲಿಗ್ರಾಂ ಬಲ ಬೇಕಾಯಿತು. ಇದಲ್ಲದೆ, ಮುಳ್ಳನ್ನು ಹೊತ್ತ ಸಣ್ಣ ಕಡ್ಡಿಯನ್ನು ಬಾಗಿಸಲು ಬೇಕಾದ ಬಲವನ್ನೂ ತಟ್ಟೆಯ ಏರುತಗ್ಗುಗಳನ್ನು ಹತ್ತಿಳಿಯುವ ಬಲವನ್ನೂ ಇದಕ್ಕೆ ಕೂಡಿಸಬೇಕು.

ಮೇಲಿನಿಂದ ಒತ್ತುವ ಭಾರವು ಇವೆಲ್ಲಕ್ಕೂ ಸಾಲದೆ ಹೋದಾಗ ಮುಳ್ಳು ಗೋಡೆಯನ್ನು ಬಿಟ್ಟು ಹಾರುತ್ತದೆ. ಮರುಗಳಿಗೆಯಲ್ಲಿಯೇ ಎದುರು ಗೋಡೆಗೆ ಅಪ್ಪಳಿಸುತ್ತದೆ. ವಜ್ರವೋ ಎಲ್ಲ ವಸ್ತುಗಳಿಗಿಂತಲೂ ಗಟ್ಟಿಯಾದುದು. ತಟ್ಟೆಯಾದರೋ ಮೆದುವಾದ ವೈನಲ್. ಏಟು ಬಿದ್ದ ಕಡೆಯಲ್ಲೆಲ್ಲ ಗೋಡೆ ಜಜ್ಜಿಹೋಗುತ್ತದೆ. ಸ್ವರ ತಾರಕ್ಕೇರಿದಾಗ ಕರಕರ ಸದ್ದು ಕೇಳಿಸಿದರೆ ಅದು ಈ ಏಟುಗಳ ಗುರುತಾಗಿರಬಹುದು. ಆದ್ದರಿಂದ ಕಾರ್ಟ್ರಿಜ್ ತಯಾರಿಸಿದವರು 1.5ರಿಂದ 2.5 ಗ್ರಾಂ ಎಂದು ಮಿತಿ ಹೇಳಿದ್ದರೆ, 2 ಗ್ರಾಂಗಾಗಲಿ ಅದಕ್ಕಿಂತ ತುಸು ಮೇಲಕ್ಕಾಗಲಿ ಹೊಂದಿಸುವುದು ಯುಕ್ತ. ತಗ್ಗಿನ ಮಿತಿಗಿಂತ ಕೆಳಕ್ಕೆ ಇಳಿಯಲೇ ಬಾರದು.

ಏತದ ನಿಯಮ

ಇಷ್ಟು ಸಣ್ಣ ಭಾರವನ್ನು ಅಳೆದು ಇಡುವುದು ಹೇಗೆ? ಬಾವಿಯಿಂದ ನೀರೆತ್ತುವ ಏತವನ್ನು ನೆನೆಯಿರಿ. ಉದ್ದನೆಯ ಮರದ ಒಂದು ತುದಿಯಲ್ಲಿ ನೀರಿನ ಪಾತ್ರೆ, ಇನ್ನೊಂದು ತುದಿಯಲ್ಲಿ ಕಟ್ಟಿದ ಕಲ್ಲು, ನಡುವೆ ಆನಿಕೆ. ಟರ್ನ್‌ಟೇಬಲಿನ ತೋಳು ಸಹ ಇಂಥದೇ ಒಂದು ಸನ್ನೆ. ಮುಂದಿನ ತುದಿಯಲ್ಲಿ ಕಾರ್ಟ್ರಿಜ್ ಮತ್ತು ಮುಳ್ಳು, ಹಿಂದಿನ ತುದಿಯಲ್ಲಿ ಲೋಹದ ಪ್ರತಿಭಾರ, ನಡುವೆ ನುಣುಪಾದ ತಿರುಗುಣಿ. ಭಾರವನ್ನು ಆನಿಕೆಯಿಂದ ಅದಕ್ಕಿರುವ ದೂರದಿಂದ ಗುಣಿಸಿದಾಗ ಎರಡು ಕಡೆಯ ಗುಣಲಬ್ಧಗಳೂ ಸಮವಾದರೆ ಸನ್ನೆ ಸಮತೋಲದಲ್ಲಿ ನಿಲ್ಲುವುದು. ಇದು ಆರ್ಕಿಮಿಡೀಸನ ಕಾಲದಿಂದ ತಿಳಿದುಬಂದ ನಿಯಮ. ಒಂದು ಅಡಿಕೋಲನ್ನು ಪೆನ್ಸಿಲಿನ ಮೇಲೆ ಸಮವಾಗಿ ನಿಲ್ಲಿಸಿ, ಒಂದು ಕಡೆ 12 ಸೆಂಟಿಮೀಟರ್ ದೂರದಲ್ಲಿ ಒಂದು ನಾಣ್ಯವನ್ನೂ ಇನ್ನೊಂದು ಕಡೆ 6 ಸೆಂಟಿಮೀಟರ್ ದೂರದಲ್ಲಿ ಅಂಥವೇ ಎರಡು ನಾಣ್ಯಗಳನ್ನೂ ಇಟ್ಟು ಇದನ್ನು ಯಾರಾದರೂ ಪರೀಕ್ಷಿಸಬಹುದು.

ತಿರುಗುಣಿಯಿಂದ ಮುಳ್ಳಿಗೆ 230 ಮಿಲಿಮೀಟರ್ ದೂರವಿದೆ, ಪ್ರತಿಭಾರದ ತೂಕ 100 ಗ್ರಾಂ ಎಂದಿಟ್ಟುಕೊಳ್ಳಿ. ಪ್ರತಿಭಾರವನ್ನು 1 ಮಿಲಿಮೀಟರ್ ಮುಂದಕ್ಕೆ ಸರಿಸಿದರೆ ಮುಳ್ಳಿನ ಮೇಲೆ ಹೆಚ್ಚುವ ಭಾರ 100 ÷ 230, ಎಂದರೆ ಸುಮಾರು 0.43 ಗ್ರಾಂ. ಪೂರ್ಣ ಸಮತೋಲದಿಂದ 2 ಗ್ರಾಂಗೆ ಬರಲು 4.6 ಮಿಲಿಮೀಟರ್ ಸರಿಸಿದರಾಯಿತು. ಪ್ರತಿಭಾರಕ್ಕೆ ತಿರುಪಿನ ಎಳೆಗಳನ್ನು ಕೊರೆದಿರುವುದೂ ಅದರ ಮುಂದೆ ಅಂಕಗಳುಳ್ಳ ಬಳೆಯನ್ನು ಇಟ್ಟಿರುವುದೂ ಈ ನವಿರಾದ ಚಲನೆಗಾಗಿಯೇ.

ಕೆಲಸದ ಕ್ರಮ ಹೀಗೆ. ಮೊದಲು ಟರ್ನ್‌ಟೇಬಲನ್ನು ಅಲುಗದ ಮೇಜಿನ ಮೇಲಿರಿಸಿ, ಗಾರೆಯವರು ಬಳಸುವಂಥ ರಸಮಟ್ಟದಿಂದ ಎರಡು ದಿಕ್ಕಿನಲ್ಲಿಯೂ ಮಟ್ಟ ನೋಡಬೇಕು. ಒಳಸೆಳೆತವನ್ನು ತಡೆಯುವ ಗುಂಡಿಯನ್ನು ಸೊನ್ನೆಗೆ ತಿರುಗಿಸಬೇಕು. ಮುಳ್ಳಿನ ಮುಚ್ಚಳವನ್ನು ತೆಗೆಯಬೇಕು. ಅದರ ತೂಕವೂ ಲೆಕ್ಕಕ್ಕೆ ಸೇರಿಬಿಡುತ್ತದಷ್ಟೆ. ತೋಳನ್ನು ಅದರ ಕೊಂಡಿಯಿಂದ ಬಿಡಿಸಿ, ಮುಳ್ಳು ಯಾವುದಕ್ಕೂ ತಾಗದಂತೆ ಬೆರಳಿನ ಆಸರೆ ಕೊಟ್ಟು ಹಿಡಿದು, ಪ್ರತಿಭಾರವನ್ನು ಮೆಲ್ಲಮೆಲ್ಲನೆ ತಿರುಗಿಸಬೇಕು. ಕೈ ಬಿಟ್ಟಾಗ ತೋಳು ಮೇಲಕ್ಕೂ ಏಳದೆ ಕೆಳಕ್ಕೂ ಬೀಳದೆ ತಕ್ಕಡಿಯ ದಂಡದಂತೆ ಅಡ್ಡಲಾಗಿ ತೇಲಿ ನಿಂತರೆ ಮುಳ್ಳಿನ ಭಾರ ಸೊನ್ನೆಯಾಯಿತು. ಆಗ ತೋಳನ್ನು ಕೊಂಡಿಗೆ ಸಿಕ್ಕಿಸಿ, ಪ್ರತಿಭಾರ ಅಲುಗದಂತೆ ಹಿಡಿದು, ಅಂಕದ ಬಳೆಯನ್ನು ಮಾತ್ರ ಸೊನ್ನೆಗೆ ತರಬೇಕು. ಕೊನೆಗೆ ಪ್ರತಿಭಾರವನ್ನೂ ಬಳೆಯನ್ನೂ ಒಟ್ಟಿಗೆ, ಬೇಕಾದ ಅಂಕ ಬರುವವರೆಗೆ ತಿರುಗಿಸಬೇಕು. ಮುಳ್ಳಿನ ಭಾರವನ್ನು ತೂಗುವ ಪುಟ್ಟ ತಕ್ಕಡಿ ದೊರೆತರೆ ಅದರಿಂದ ತಾಳೆ ನೋಡುವುದು ಇನ್ನೂ ಒಳ್ಳೆಯದು.

ನೇರ ದಾರಿ, ಬಾಗಿದ ನಡಿಗೆ

ಭಾರ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೂಲ ತಟ್ಟೆಯನ್ನು ಕೊರೆಯುವ ಯಂತ್ರದಲ್ಲಿ ಕೊರೆಮೊನೆಯು ಅಂಚಿನಿಂದ ನಡುವಿಗೆ ತ್ರಿಜ್ಯದ ಮೇಲೆ ನೇರವಾಗಿ ಸರಿಯುತ್ತದೆ. ನಮ್ಮ ತೋಳಾದರೋ ಒಂದು ತಿರುಗುಣಿಯ ಸುತ್ತ ಕಮಾನಿನಂತೆ ಬಾಗಿ ಚಲಿಸುತ್ತದೆ. ಆದುದರಿಂದ ಮುಳ್ಳು ಗೀರಿಗೆ ಎಲ್ಲೆಡೆಯೂ ಸ್ಪರ್ಶರೇಖೆಯಾಗಿ ನಿಲ್ಲಲಾರದು. ಕೆಲವೆಡೆ ಓರೆಯಾಗುತ್ತದೆ, ನಾದ ವಿರೂಪವಾಗುತ್ತದೆ.

ಈ ತೊಡಕಿನ ಗಣಿತವನ್ನು 1924ರಲ್ಲಿ ಇಂಗ್ಲೆಂಡಿನ ಪರ್ಸಿ ವಿಲ್ಸನ್, 1938ರಲ್ಲಿ ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್, 1941ರಲ್ಲಿ ಬೇರ್‌ವಾಲ್ಡ್ ಎಂಬವರು ಬಿಡಿಸಿದರು. ಪರಿಹಾರ ಎರಡು ಬಗೆಯದು. ತೋಳಿನ ತಲೆಯನ್ನು ಒಳಕ್ಕೆ ಬಾಗಿಸುವುದು ಒಂದು. ಮುಳ್ಳು ನಡುಗೂಟವನ್ನು ತುಸು ದಾಟಿ ಮುಂದೆ ಹೋಗುವಷ್ಟು ತೋಳನ್ನು ಉದ್ದ ಮಾಡುವುದು ಇನ್ನೊಂದು. 230 ಮಿಲಿಮೀಟರ್ ಉದ್ದದ ತೋಳಿಗೆ ಸುಮಾರು 24 ಡಿಗ್ರಿ ಬಾಗು, 18 ಮಿಲಿಮೀಟರ್ ಮುಂಚಾಚು ಬೇಕಾಗುವುದು. ಹೀಗೆ ಮಾಡಿದಾಗ ನಡುವಿನಿಂದ ಸುಮಾರು 66 ಮತ್ತು 121 ಮಿಲಿಮೀಟರ್ ದೂರದ ಎರಡು ಸ್ಥಾನಗಳಲ್ಲಿ ಓರೆ ಸಂಪೂರ್ಣವಾಗಿ ಮಾಯವಾಗುತ್ತದೆ. ಉಳಿದೆಡೆಗಳಲ್ಲಿ ಅಲ್ಪವಾಗಿ ಉಳಿಯುತ್ತದೆ. ಈ ಎರಡು ಸ್ಥಾನಗಳನ್ನು ಗುರುತಿಸಿ ಗೆರೆ ಎಳೆದ ಕೋನಮಾಪಕದ ಕಾಗದ ದೊರೆಯುತ್ತದೆ. ಅದನ್ನು ನಡುಗೂಟಕ್ಕೆ ಸಿಕ್ಕಿಸಿ, ಎರಡು ಕಡೆಯೂ ಕಾರ್ಟ್ರಿಜ್ ಗೆರೆಗೆ ಸಮಾನಾಂತರವಾಗುವಂತೆ ಅದರ ಎರಡು ತಿರುಪುಗಳನ್ನು ಸಡಿಲಿಸಿ ಹಿಂದುಮುಂದು ಸರಿಸಬೇಕು. ಕಾರ್ಟ್ರಿಜ್ ಸರಿದರೆ ಸಮತೋಲವೂ ಬದಲಾಗುತ್ತದೆ. ಆದ್ದರಿಂದ ಈ ಕೆಲಸದ ತರುವಾಯ ಭಾರವನ್ನು ಮತ್ತೊಮ್ಮೆ ಹೊಂದಿಸತಕ್ಕದ್ದು.

ಒಳಕ್ಕೆ ಸೆಳೆಯುವ ಬಲ

ತಲೆಯನ್ನು ಬಾಗಿಸಿದ್ದರಿಂದ ಒಂದು ದೋಷ ನೀಗಿದರೂ ಇನ್ನೊಂದು ತಲೆದೋರಿತು. ತಿರುಗುವ ತಟ್ಟೆ ಘರ್ಷಣೆಯ ಮೂಲಕ ಮುಳ್ಳನ್ನು ಗೀರಿನ ಉದ್ದಕ್ಕೂ ಎಳೆಯುತ್ತದೆ. ಈ ಎಳೆತದ ರೇಖೆ ತಿರುಗುಣಿಯ ಮೂಲಕ ಹಾಯುವುದಿಲ್ಲ, ಪಕ್ಕಕ್ಕೆ ಸರಿದಿರುತ್ತದೆ. ಅದರಿಂದ ತೋಳು ತಟ್ಟೆಯ ನಡುವಿನ ಕಡೆಗೆ ತಿರುಗಲು ಹವಣಿಸುತ್ತದೆ. ಘರ್ಷಣೆಯು ಭಾರದ ಕಾಲು ಭಾಗವೆಂದು ತಿಳಿದರೆ, ಈ ಒಳಸೆಳೆತ ಭಾರದ ಸುಮಾರು ಹತ್ತನೆಯ ಒಂದು ಪಾಲಾಗುವುದು.

ಅಷ್ಟಕ್ಕೇ ಒಳಗೋಡೆಯ ಮೇಲೆ ಒತ್ತಡ ಹೆಚ್ಚಿ ಹೊರಗೋಡೆಯ ಮೇಲೆ ಕಡಿಮೆಯಾಗುತ್ತದೆ. ಅಲನ್ ಬ್ಲಮ್ಲೀನ್ ಎಂಬ ಇಂಗ್ಲಿಷ್ ಎಂಜಿನಿಯರು 1931ರಲ್ಲಿ ಸಲ್ಲಿಸಿದ ಪೇಟೆಂಟಿನಲ್ಲಿ ಒಂದೇ ಗೀರಿನಲ್ಲಿ ಎರಡು ಧ್ವನಿಗಳನ್ನು ಅಡಗಿಸುವ ಉಪಾಯವಿತ್ತು. ಸ್ಟೀರಿಯೋ ತಟ್ಟೆಗಳಲ್ಲಿ ಒಳಗೋಡೆ ಎಡಗಿವಿಯ ಧ್ವನಿಯನ್ನೂ ಹೊರಗೋಡೆ ಬಲಗಿವಿಯ ಧ್ವನಿಯನ್ನೂ ಹೊರುತ್ತದೆ. ಆದ್ದರಿಂದ ಬಲಗಡೆಯ ಧ್ವನಿ ಮಾತ್ರ ಒಡೆದಂತೆ ಕೇಳಿಸಿದರೆ ಒಳಸೆಳೆತಕ್ಕೆ ತಡೆ ಸಾಲದೆಂದು ಸಂಶಯಪಡಬಹುದು. ದಾರದಲ್ಲಿ ತೂಗುವ ಪುಟ್ಟ ತೂಕ, ಸುರುಳಿಕಂಬಿ ಅಥವಾ ಅಯಸ್ಕಾಂತದಿಂದ ತೋಳನ್ನು ಹೊರಕ್ಕೆ ಮೆಲ್ಲನೆ ಎಳೆಯುವ ಏರ್ಪಾಡು ಬಹುತೇಕ ತೋಳುಗಳಲ್ಲಿರುತ್ತದೆ. ಮುಳ್ಳಿನ ಭಾರವೆಷ್ಟೋ ಅದೇ ಅಂಕಕ್ಕೆ ಇದರ ಗುಂಡಿಯನ್ನು ತಿರುಗಿಸುವುದು ವಾಡಿಕೆ.

ಅರಗಿನ ತಟ್ಟೆಗಳು

ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ತಟ್ಟೆಗಳಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಗಳು ಬಹುಮಟ್ಟಿಗೆ ಅರಗಿನಿಂದಾದುವು. ಪಾಂಡವರ ಕಥೆಯಲ್ಲಿ ಬರುವ ಅದೇ ಅರಗು. ಮರಗಳ ಮೇಲೆ ಬಾಳುವ ಒಂದು ಬಗೆಯ ಕೀಟದ ಸೃಷ್ಟಿ. ಲೋಕದ ಗ್ರಾಮಫೋನ್ ಕಾರ್ಖಾನೆಗಳಿಗೆ ಅರಗನ್ನು ಒದಗಿಸಿದ ದೇಶಗಳಲ್ಲಿ ಭಾರತವೇ ಮುಖ್ಯವಾದುದು. ಅರಗಿಗೆ ಬೆರೆಸಿದ ಕಲ್ಲಿನ ಪುಡಿ ಉಕ್ಕಿನ ಮುಳ್ಳನ್ನು ಬೇಗನೆ ಸವೆಸುತ್ತಿದ್ದುದರಿಂದ ಒಂದೊಂದು ಪಕ್ಕಕ್ಕೂ ಹೊಸ ಮುಳ್ಳು ಹಾಕಬೇಕಾಗಿತ್ತು.

ಭಾರತದ ಮೊಟ್ಟಮೊದಲ ತಟ್ಟೆಗಳ ಪೈಕಿ, 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಯಲ್ಲಿ ಮುದ್ರಿಸಿಕೊಂಡ ಗೌಹರ್ ಜಾನ್ ಅವರ ಗಾಯನವೂ ಸೇರಿದೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ ಮೈಸೂರಿಗೆ ಬಂದ ಈಕೆ 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಕಂಠ ಇಂದಿಗೂ ನಮಗೆ ಕೇಳಿಸುವುದು ಅಂಥ ಅರಗಿನ ಗೀರುಗಳು ಉಳಿದುಬಂದುದರಿಂದ.

78ರ ತಟ್ಟೆಯ ಗೀರಿನ ಅಗಲ ಸುಮಾರು 0.15 ಮಿಲಿಮೀಟರ್, 1948ರಲ್ಲಿ ಬಂದ ಎಲ್‌ಪಿ ತಟ್ಟೆಯದು 0.05 ಮಿಲಿಮೀಟರಿನಷ್ಟು. ಎಲ್‌ಪಿಯ ಸಣ್ಣ ಮುಳ್ಳನ್ನು 78ರ ಅಗಲವಾದ ಗೀರಿನಲ್ಲಿ ಇಟ್ಟರೆ ಅದು ತಳಕ್ಕಿಳಿದು ಕಸವನ್ನು ಕೆದಕುತ್ತದೆ; 78ರ ದಪ್ಪ ಮುಳ್ಳನ್ನು ಎಲ್‌ಪಿಯ ಮೇಲಿಟ್ಟರೆ ಗೀರಿನ ಅಂಚುಗಳೇ ಹಾಳಾಗುತ್ತವೆ. 78ಕ್ಕೆಂದೇ ಮಾಡಿದ ಮುಳ್ಳನ್ನು ಹಾಕಿ, ಆ ಕಾರ್ಟ್ರಿಜ್‌ಗೆ ಹೇಳಿದ ಭಾರವನ್ನೇ ಹೊಸದಾಗಿ ಹೊಂದಿಸಿಕೊಳ್ಳಬೇಕು. ಸಾಮಾನ್ಯವಾಗಿ ಅದು ಮೂರರಿಂದ ಐದು ಗ್ರಾಂ ಇರುತ್ತದೆ.

ಧ್ವನಿಯನ್ನು ಅಂಕಿಗಳಾಗಿ ಕೂಡಿಡುವ ಉಪಕರಣಗಳು ಬಂದ ಮೇಲೂ ತಟ್ಟೆಗಳ ಕಾಲ ಮುಗಿದಿಲ್ಲ. 2020ರಲ್ಲಿ ಅಮೆರಿಕದಲ್ಲಿ ವೈನಲ್ ತಟ್ಟೆಗಳ ಮಾರಾಟದ ಹಣ, 1986ರಿಂದೀಚೆಗೆ ಮೊದಲ ಸಲ, ಸಿ.ಡಿ.ಗಳದನ್ನು ಮೀರಿತು. ಹೊಸ ತಟ್ಟೆ ಹಾಳಾದರೆ ಇನ್ನೊಂದನ್ನು ಕೊಳ್ಳಬಹುದು; ಮನೆಯಲ್ಲಿ ಉಳಿದಿರುವ ಒಂದೇ ಒಂದು ಹಳೆಯ ತಟ್ಟೆಗೆ ಹಾಗೆ ಬದಲಿ ಸಿಗಲಾರದು. ಆದುದರಿಂದ ಈ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ಮೊದಲು ಬೇಡವಾದ ತಟ್ಟೆಯೊಂದನ್ನು ಇಟ್ಟು ಭಾರ, ಓರೆ, ಒಳಸೆಳೆತ ಮೂರನ್ನೂ ಎರಡೆರಡು ಸಲ ಹೊಂದಿಸಿ ಅಭ್ಯಾಸ ಮಾಡಲಿ. ತಟ್ಟೆಯ ಧೂಳನ್ನು ಮೆತ್ತನೆಯ ಕುಂಚದಿಂದ ಒರಸಿ, ಮುಳ್ಳಿನ ಮೊನೆಯನ್ನು ಭೂತಗನ್ನಡಿಯಿಂದ ಪರೀಕ್ಷಿಸಲಿ. ಕೈ ಪಳಗಿದ ಮೇಲೆಯೇ ಬೆಲೆಯುಳ್ಳ ತಟ್ಟೆಯನ್ನು ಲಕೋಟೆಯಿಂದ ಹೊರತೆಗೆಯುವುದು ಲೇಸು.