ಕುಡುಗೋಲು ಕಣಕ್ಕೆ ಜೀನ್ ಮದ್ದು

1904ರ ಕೊನೆಯಲ್ಲಿ ಷಿಕಾಗೋದ ಆಸ್ಪತ್ರೆಯೊಂದಕ್ಕೆ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ಯುವಕ ಬಂದ. ವೆಸ್ಟ್ ಇಂಡೀಸ್‌ನ ಗ್ರೆನಡಾ ದ್ವೀಪದಿಂದ ದಂತವೈದ್ಯ ಕಲಿಯಲು ಬಂದಿದ್ದವನು. ಅವನ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್‌ಗೆ ಅಚ್ಚರಿ ಕಾದಿತ್ತು. ಬಿಲ್ಲೆಯಂತೆ ದುಂಡಗಿರಬೇಕಾದ ಕೆಂಪು ರಕ್ತಕಣಗಳ ನಡುವೆ ಕುಡುಗೋಲಿನಂತೆ ಬಾಗಿದ ಕಣಗಳು! ಹಿರಿಯ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಇದನ್ನು ಪ್ರಕಟಿಸಿದರು. ನೋಯೆಲ್ ದಂತವೈದ್ಯನಾಗಿ ಊರಿಗೆ ಮರಳಿ, 1916ರಲ್ಲಿ 32ನೇ ವಯಸ್ಸಿಗೇ ತೀರಿಕೊಂಡ.

ಡಿಎನ್‌ಎ ಎಂಬ ಉದ್ದನೆಯ ಬರಹದಲ್ಲಿ ಒಂದೇ ಅಕ್ಷರ ತಪ್ಪಿದರೆ ಏನಾದೀತು ಎಂಬುದಕ್ಕೆ ಈ ರೋಗಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯದು ಮಾತ್ರ ಬದಲಾಗಿದೆ ಎಂದು ಕೇಂಬ್ರಿಜ್‌ನ ವರ್ನನ್ ಇಂಗ್ರಾಂ 1957ರಲ್ಲಿ ತೋರಿಸಿದರು. ವಂಶವಾಹಿಯಲ್ಲಿ 'ಎ' ಇರಬೇಕಾದ ಕಡೆ 'ಟಿ' ಬಂದು ಕೂತಿದೆ, ಅಷ್ಟೆ. ಆದರೆ ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಇಂಥ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಕಡ್ಡಿಗಳಾಗುತ್ತವೆ, ಕಣ ಬಾಗುತ್ತದೆ. ಬಾಗಿದ ಕಣಗಳು ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆ ಮುರಿಯುವಂಥ ನೋವು. 120 ದಿನ ಬಾಳಬೇಕಾದ ಕಣ ಇಪ್ಪತ್ತು ದಿನವೂ ಉಳಿಯದು.

ರೋಗದ ಮೂಲ ತಿಳಿದ ಮೇಲೂ ಜೀನ್ ಮದ್ದಿಗಾಗಿ ಅರವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ದಾರಿ ತೆರೆದದ್ದು ಒಂದು ಹಳೆಯ ಗಮನಿಕೆ. ಈ ರೋಗ ಹೊತ್ತು ಹುಟ್ಟಿದ ಮಗುವಿಗೆ ಮೊದಲ ಕೆಲವು ತಿಂಗಳು ಏನೂ ಆಗುವುದಿಲ್ಲವಲ್ಲ, ಏಕೆ? ಗರ್ಭದಲ್ಲಿರುವಾಗಿನ ಹಿಮೋಗ್ಲೋಬಿನ್ ಬೇರೆಯೇ ಬಗೆಯದು. ಅದರಲ್ಲಿ ಈ ತಪ್ಪಿಲ್ಲ. ಹುಟ್ಟಿದ ಮೇಲೆ ದೇಹ ಅದರ ತಯಾರಿಯನ್ನು ನಿಲ್ಲಿಸುತ್ತದೆ. ಹಾಗೆ ನಿಲ್ಲಿಸುವ ಬೀಗ 'ಬಿಸಿಎಲ್11ಎ' ಎಂಬ ವಂಶವಾಹಿ ಎಂಬುದು 2008ರಲ್ಲಿ ಹಾರ್ವರ್ಡ್‌ನ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಸಂಗಡಿಗರ ಕೆಲಸದಿಂದ ಗೊತ್ತಾಯಿತು.

ಬೀಗ ಮುರಿಯಲು ಆಯುಧ ಬೇಕಿತ್ತಲ್ಲ! ಡಿಎನ್‌ಎಯನ್ನು ಬೇಕೆಂದ ಜಾಗದಲ್ಲಿ ಕತ್ತರಿಸುವ 'ಕ್ರಿಸ್ಪರ್' ತಂತ್ರ ಅದನ್ನು ಒದಗಿಸಿತು. ಇದಕ್ಕಾಗಿಯೇ ಎಮಾನ್ಯುಯೆಲ್ ಷಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರ ನೊಬೆಲ್ ಬಂತು. ತಮಾಷೆಯೆಂದರೆ, ಈ ಚಿಕಿತ್ಸೆ ತಪ್ಪು ಅಕ್ಷರವನ್ನು ಮುಟ್ಟುವುದೇ ಇಲ್ಲ. ರೋಗಿಯ ಅಸ್ಥಿಮಜ್ಜೆಯ ಆಕರಕೋಶಗಳನ್ನು ಹೊರತೆಗೆದು, ಅವುಗಳಲ್ಲಿ ಆ ಬೀಗವನ್ನು ಕೆಡಿಸಿ ಮತ್ತೆ ದೇಹಕ್ಕೆ ಸೇರಿಸಿದರೆ ಮಗುವಾಗಿದ್ದಾಗಿನ ಹಿಮೋಗ್ಲೋಬಿನ್ ಪುನಃ ತಯಾರಾಗತೊಡಗುತ್ತದೆ. 2019ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಇದನ್ನು ಮೊದಲು ಪಡೆದಾಕೆ ಮಿಸಿಸಿಪಿಯ ವಿಕ್ಟೋರಿಯಾ ಗ್ರೇ. ಮುಂದೆ ನಡೆದ ಪರೀಕ್ಷೆಯಲ್ಲಿ, ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ದಾಳಿ ಬರಲಿಲ್ಲ. 2023ರ ನವೆಂಬರ್‌ನಲ್ಲಿ ಬ್ರಿಟನ್, ಮರುತಿಂಗಳು ಅಮೆರಿಕ 'ಕ್ಯಾಸ್ಜೆವಿ' ಎಂಬ ಹೆಸರಿನ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು.

ಅಮೆರಿಕದಲ್ಲಿ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರ್. ಅಂದಿನ ದರದಲ್ಲಿ ಸುಮಾರು 18 ಕೋಟಿ ರೂಪಾಯಿ! ಅದೂ ಸುಲಭದ್ದಲ್ಲ. ಹೊಸ ಕೋಶಗಳಿಗೆ ಜಾಗ ಮಾಡಲು ಹಳೆಯ ಮಜ್ಜೆಯನ್ನು ಕಟುವಾದ ಔಷಧದಿಂದ ನಾಶ ಮಾಡಬೇಕು. ವಾರಗಟ್ಟಲೆ ಆಸ್ಪತ್ರೆವಾಸ, ಮಕ್ಕಳಾಗುವ ಸಾಧ್ಯತೆಗೂ ಕುತ್ತು.

ಇನ್ನು ಈ ರೋಗ ಇರುವುದೆಲ್ಲಿ? ತಪ್ಪು ಅಕ್ಷರ ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಇಬ್ಬರಿಂದಲೂ ಬಂದರೆ ರೋಗ. ಹಾಗಾಗಿ ಮಲೇರಿಯಾ ಕಾಡಿದ ನಾಡುಗಳಲ್ಲಿ ಇದು ಬೇರುಬಿಟ್ಟಿತು. ಭಾರತದಲ್ಲಿ ಇದನ್ನು ಮೊದಲು ಕಂಡದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಕರ್ನಾಟಕದ ಸೋಲಿಗರು, ಜೇನುಕುರುಬರಲ್ಲೂ ಇದಿದೆ. 18 ಕೋಟಿ ಎಲ್ಲಿ, ಬಿಳಿಗಿರಿರಂಗನ ಬೆಟ್ಟದ ಹಾಡಿ ಎಲ್ಲಿ?

ಅಗ್ಗದ ದೇಶೀಯ ಚಿಕಿತ್ಸೆಯ ಯತ್ನ ದೆಹಲಿಯ ಐಜಿಐಬಿ ಸಂಸ್ಥೆಯಲ್ಲಿ ನಡೆದಿದೆ. 2025ರ ನವೆಂಬರ್‌ನಲ್ಲಿ ಅದನ್ನು ಬಿರ್ಸಾ ಮುಂಡಾ ಹೆಸರಿನಲ್ಲಿ 'ಬಿರ್ಸಾ 101' ಎಂದು ಪ್ರಕಟಿಸಲಾಯಿತು. ಇತ್ತ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಆರಂಭಿಸಿದ ಅಭಿಯಾನದ ಗುರಿ, 40 ವರ್ಷದೊಳಗಿನ ಏಳು ಕೋಟಿ ಜನರ ರಕ್ತಪರೀಕ್ಷೆ.

ಪರೀಕ್ಷೆಯಲ್ಲಿ ರೋಗ ಕಂಡವರಿಗೆ ಸದ್ಯಕ್ಕೆ ಕೊಡುವ ಮುಖ್ಯ ಮದ್ದು ಹೈಡ್ರಾಕ್ಸಿಯೂರಿಯಾ ಎಂಬ ಕಡಿಮೆ ಬೆಲೆಯ ಔಷಧ. ವಿಚಿತ್ರವೆಂದರೆ ಇದೂ ಮಾಡುವುದು ಅದನ್ನೇ, ಗರ್ಭಕಾಲದ ಹಿಮೋಗ್ಲೋಬಿನ್ ಹೆಚ್ಚಿಸುವುದನ್ನು. ಇದರಿಂದ ನೋವಿನ ದಾಳಿ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು 1995ರಲ್ಲೇ ಅಮೆರಿಕದಲ್ಲಿ ಸಿದ್ಧವಾಗಿತ್ತು. ಆದರೆ ನಿತ್ಯ, ವರ್ಷಗಟ್ಟಲೆ ನುಂಗಬೇಕು. ಆಗಾಗ ರಕ್ತಕಣ ಎಣಿಸಿ ಪ್ರಮಾಣ ಸರಿಪಡಿಸಬೇಕು. ಅಂದರೆ ಹಾಡಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಔಷಧವೂ ಇರಬೇಕು, ರಕ್ತ ಪರೀಕ್ಷಿಸುವವರೂ ಇರಬೇಕು.